ಅತ್ತಿಗೆಯ ಕರೆಯೋ ಮಂತ್ರ

ನಮ್ಮೂರಿನಲ್ಲಿ ಯಾರದಾದರೂ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದರೆ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ. "ಯಾಕಮ್ಮ, ಬೆಳಿಗ್ಗೆ ಬಾಯಿಗೆ ಹಾಕ್ಕೊಂಡಿರ್ಲಿಲ್ವಾ?" ಅಂತ ಕೇಳುತ್ತಾರೆ. ಬೆಳಿಗ್ಗೆ ಹಲ್ಲುಜ್ಜಿ ಮುಖ ತೊಳೆದ ಮೇಲೆ ಅವತ್ತಿಗೆ ಬೇಕಾದ ಮಂತ್ರಗಳನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಾಯಲ್ಲಿ ಕೂರಿಸಿಕೊಳ್ಳಬೇಕು. ಕೂರಿಸಿಕೊಂಡಿದ್ದನ್ನು ಒಂದು ಸಲ ಆಡಿದರೆ ಅದು ಖರ್ಚು. ಮತ್ತೆ ಬೇಕೆಂದರೆ ರಾತ್ರಿ ಮಲಗಿ, ನಿದ್ದೆ ಮಾಡಿ, ಬೆಳಿಗ್ಗೆ ಏಳಬೇಕು. ನನ್ನ ಬಾಯಿ ದೊಡ್ಡದು ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಆದರೆ ಅದರಲ್ಲಿ ನಿಲ್ಲುವುದು ಮೂರೇ ಮಂತ್ರ. ಹಪ್ಪಳ ಒಣಗಿಸುವಾಗ ಕಾಗೆ ಬರದಂತೆ ಮಾಡುವುದು ಒಂದು, ಕಣ್ಣಿಗೆ ಬಿದ್ದ ಕಸ ತೆಗೆಯುವುದು ಒಂದು. ಇನ್ನೊಂದು ಯಾವುದು ಅಂತ ಹೇಳುವುದಿಲ್ಲ, ಒಬ್ಬಳೇ ಹೆಂಗಸು ಅಂದಮೇಲೆ ಒಂದಾದರೂ ಗುಟ್ಟು ಬೇಡವೇ?

ಹೊಸ ಮಂತ್ರ ಸಿಗುವುದು ಸುಲಭವಲ್ಲ. ಇರುವ ಮಂತ್ರವನ್ನು ಇನ್ನೊಬ್ಬರ ಕಷ್ಟಕ್ಕೆ ಆಡಿ ಆಡಿ ಸವೆಸಿದರೆ, ಒಂದು ಬೆಳಿಗ್ಗೆ ಏಳುವಾಗ ಬಾಯಿ ಒಳಗಿನಿಂದ ಒಂಚೂರು ಅಗಲವಾದಂತೆ ಅನಿಸುತ್ತದೆ. ಇದಕ್ಕೆ ನಮ್ಮಲ್ಲಿ ಮೆಟ್ಟಿಲು ಹತ್ತುವುದು ಅನ್ನುತ್ತಾರೆ. ಅವತ್ತು ಒಂದೆರಡು ಮಂತ್ರ ತಾವಾಗಿಯೇ ಬಂದು ನಾಲಿಗೆಯ ಮೇಲೆ ಕೂತಿರುತ್ತವೆ, ಕರೆಯದೆ ಬಂದ ನೆಂಟರ ಹಾಗೆ. ಅವು ನಮಗೆ ಬೇಕಾದವೇ ಆಗಿರಬೇಕೆಂದೇನಿಲ್ಲ. ಇಂಥದ್ದೇ ಬೇಕು ಅಂದರೆ ಅದು ಇದ್ದವರನ್ನು ಕಾಡಿ ಬೇಡಿ ಕಲಿಯಬೇಕು. ತಾನೇ ಹೊಸದಾಗಿ ಮಂತ್ರ ಕಟ್ಟುವುದೂ ಉಂಟಂತೆ, ಆದರೆ ಅದನ್ನು ಕಣ್ಣಾರೆ ಕಂಡವರು ನಮ್ಮಜ್ಜಿಯ ಕಾಲದಲ್ಲೂ ಇರಲಿಲ್ಲ.

ಕಲಿಯುವುದಕ್ಕೆ ಮೇಜಿಗೆ ಹೋಗಬೇಕು. ಎಣ್ಣೆ ಗಾಣದ ಪಕ್ಕದ ಚಾವಡಿಯಲ್ಲಿ ಒಂದು ದೊಡ್ಡ ಹಲಸಿನ ಮರದ ಮೇಜಿದೆ. ಅದರ ಯಜಮಾನರು ಗುರುಪಾದಪ್ಪನವರು. ಹೇಳಿಕೊಡುವವರು ಒಂದು ಕಡೆ, ಕಲಿಯುವವರು ಎದುರಿಗೆ, ಸುತ್ತ ಪುರಿ ಕಡಲೆ ತಿನ್ನುತ್ತ ಕೆಲಸವಿಲ್ಲದವರೆಲ್ಲ. ಹೇಳಿಕೊಟ್ಟದ್ದನ್ನು ಹಾಗೆ ಹಾಗೇ ತಿರುಗಿ ಹೇಳಿ, ಮೇಜಿನ ಮೇಲೆ ಕವಡೆ ಹಾಕಬೇಕು. ಬಾಯಿ ಮೇಲಾಗಿ ಬಿದ್ದ ಕವಡೆ ಹೆಚ್ಚಿದ್ದರೆ ಮಂತ್ರ ಹತ್ತಿತು. ಮಗುಚಿ ಬಿದ್ದವು ಹೆಚ್ಚಿದ್ದರೆ ಹತ್ತಲಿಲ್ಲ, ಮತ್ತು ಇನ್ನೊಂದು ಮೆಟ್ಟಿಲು ಹತ್ತುವ ತನಕ ಆ ಮಂತ್ರಕ್ಕೆ ಮತ್ತೆ ಕೈಚಾಚುವ ಹಾಗಿಲ್ಲ. ಈ ನಿಯಮ ಮಾಡಿದ ಮಹಾಶಯ ಯಾರೋ, ಸಿಕ್ಕಿದರೆ ನನಗೆ ಅವನ ಹತ್ತಿರ ಎರಡು ಮಾತು ಆಡುವುದಿದೆ.

ಹಾಗೆ ಹಾಗೇ ಹೇಳಬೇಕು ಅಂದೆನಲ್ಲ, ಅದನ್ನು ನಮ್ಮೂರವರು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆ ಅಂದರೆ, ದಾರದ ಗಂಟು ಬಿಡಿಸುವ ಮಂತ್ರದ ನಡುವೆ "ಥೂ, ಹೋಗೇ ಬೆಕ್ಕೇ" ಎಂದಿದೆ. ಯಾವ ಕಾಲದಲ್ಲೋ ಯಾರೋ ಹೇಳಿಕೊಡುತ್ತಿದ್ದಾಗ ಬೆಕ್ಕು ಬಂದು ಮೊಸರಿಗೆ ಬಾಯಿ ಹಾಕಿತ್ತಂತೆ. ಆ ಬೆಕ್ಕು ಸತ್ತು ಎಷ್ಟು ತಲೆಮಾರಾಯಿತೋ, ಇವತ್ತಿಗೂ ಗಂಟು ಬಿಚ್ಚಬೇಕಾದರೆ ಬೆಕ್ಕಿಗೆ ಬೈಯಲೇಬೇಕು. ಬೈಯದೆ ನೋಡೋಣ ಅನ್ನುವ ಧೈರ್ಯ ಯಾರಿಗೂ ಬಂದಿಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಹೆಸರು ಇಂದ್ರಾಣಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವಳು. ಅಣ್ಣ ಸಿಂಗಾರಯ್ಯ ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆದವನು. ಅತ್ತಿಗೆ ವನಜಾಕ್ಷಿ ಅವನಿಗೆ ಬಣ್ಣ ಕಲಸಿ ಕೊಡುತ್ತ, ಏಣಿ ಹಿಡಿಯುತ್ತ ಸಂಸಾರ ಮಾಡಿದವಳು. ಇಷ್ಟು ವರ್ಷದಲ್ಲಿ ಅವಳು ಒಂದು ದಿನವಾದರೂ ಗಂಡನ ಹೆಸರು ಹೇಳಿದವಳಲ್ಲ. ಅವನನ್ನು ಕರೆಯುವುದು "ರೀ", ನನ್ನ ಹತ್ತಿರ ಹೇಳುವಾಗ "ನಿಮ್ಮಣ್ಣ". ಯಾರಾದರೂ ಯಜಮಾನರ ಹೆಸರೇನಮ್ಮ ಅಂತ ಕೇಳಿದರೆ ನನ್ನ ಮುಖ ನೋಡುತ್ತಾಳೆ, ನಾನು ಹೇಳಬೇಕು. ಮದುವೆ ಮನೆಗೆ ಹೋಗಿ ಬಂದು "ಹೆಣ್ಣಿಗೆ ಎಷ್ಟು ಚೆನ್ನಾಗಿ ಅದು ಮಾಡಿದ್ರು ಗೊತ್ತಾ ಇಂದ್ರಿ" ಅನ್ನುತ್ತಾಳೆ. ಸಿಂಗಾರ ಅನ್ನುವ ಮಾತನ್ನೂ ನಾಲಿಗೆಯ ಮೇಲೆ ತರುವುದಿಲ್ಲ, ಅಷ್ಟು ಮಡಿ.

ಅಣ್ಣನಿಗೆ ಮರೆವು ಶುರುವಾದದ್ದು ದಾರಿಯಿಂದ. ಸಂಜೆ ಟೀ ಕುಡಿದು ತಿರುಗಾಡಲು ಹೋದವನು ಮನೆಗೆ ಬರುವ ದಾರಿ ತಿಳಿಯದೆ, ತಾನೇ ಬರೆದ ಬೋರ್ಡುಗಳನ್ನು ಓದಿಕೊಳ್ಳುತ್ತ ನಿಂತುಬಿಡುತ್ತಿದ್ದ. ಮೊದಮೊದಲು ಬೋರ್ಡು ದಾರಿ ತೋರಿಸುತ್ತಿತ್ತು. ಆಮೇಲೆ ಬರೆದವನು ಯಾರು ಅನ್ನುವುದೂ ಮರೆಯಿತು. ಒಂದು ದಿನ ಯಾರದೋ ಮನೆಯ ಜಗಲಿಯಲ್ಲಿ ಕೂತು "ಊಟಕ್ಕೆ ಎಷ್ಟು ಹೊತ್ತೇ?" ಅಂತ ಅವರ ಸೊಸೆಯನ್ನು ಗದರಿಸಿದ್ದಾನೆ. ಮನೆಯಲ್ಲಿ ಕೂಡಿಹಾಕಿದರೆ ಕಿಟಕಿ ಹಿಡಿದುಕೊಂಡು ಅಳುತ್ತಿದ್ದ, ಅದನ್ನು ನೋಡುವುದಕ್ಕಾಗುತ್ತಿರಲಿಲ್ಲ. ಇನ್ನೊಂದು ದಿನ ಊರಾಚೆ ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಗಳ ಅಂಚಿನಲ್ಲಿ ಕತ್ತಲಾಗುವ ಹೊತ್ತಿಗೆ ನಡೆಯುತ್ತಿದ್ದನಂತೆ. ಆ ಗುಂಡಿಗಳಲ್ಲಿ ಆಳುದ್ದ ನೀರಿದೆ. ಅವತ್ತು ಅವನನ್ನು ತಿರುಗಿಸಿದ್ದು ಪಕ್ಕದ ಮನೆಯ ಅಚ್ಚಮ್ಮಜ್ಜಿ.

ಕರೆಯೋ ಮಂತ್ರ ಇದ್ದದ್ದು ಊರಿಗೆಲ್ಲ ಅವಳೊಬ್ಬಳ ಹತ್ತಿರ. ಅದೂ ಎಂಥ ಮಂತ್ರ! ಬಾಗಿಲಲ್ಲಿ ನಿಂತು ಮೊದಲು ಎರಡು ಸಲ ಕೆಮ್ಮಬೇಕು. ಆಮೇಲೆ, "ಲೋ ಸಿಂಗಾ! ಎಲ್ಲಿ ಹಾಳಾಗೋದ್ಯೋ? ಮುದ್ದೆ ಆರೋಗ್ತಿದೆ, ಬಾರೋ!" ಇಷ್ಟೇ. ಯಾರ ಹೆಸರು ಹೇಳಿದರೆ ಅವರು ಎಲ್ಲಿದ್ದರೂ ಕಾಲು ತಾನಾಗಿ ತಿರುಗಿ, ಕರೆ ಬಂದ ಬಾಗಿಲಿಗೆ ಬರುತ್ತಾರೆ. ಅಜ್ಜಿ ತನ್ನ ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದದ್ದೇ ಹೀಗೆ. ಆ ಮಕ್ಕಳೆಲ್ಲ ಅವಳಿಗಿಂತ ಮುಂಚೆ ಹೊರಟುಹೋದರು, ಮಂತ್ರ ಮಾತ್ರ ಉಳಿದಿತ್ತು. ದಿನಾ ಸಂಜೆ ನಮ್ಮ ಬಾಗಿಲಿಗೆ ಬಂದು ಅಣ್ಣನನ್ನು ಕರೆದುಕೊಡುತ್ತಿದ್ದಳು. ಆದರೆ ಅವಳಿಗೂ ಉಬ್ಬಸ. ಒಂದು ದಿನ ಕರೆದು ಮುಗಿಸಿ ನಮ್ಮ ಜಗಲಿಯ ಮೇಲೆ ಕುಸಿದು ಕೂತವಳು, "ವನಜಾ, ನನ್ನ ಉಸಿರು ನಂಬ್ಕೊಂಡು ಕೂತ್ಕೋಬೇಡ್ವೇ. ನೀನೇ ಕಲ್ತ್ಕೊಂಡುಬಿಡು," ಅಂದಳು.

ಮರುದಿನವೇ ಮೇಜಿಗೆ ಹೋದೆವು. ಅಜ್ಜಿ ತನ್ನ ಹಿರಿ ಮಗ ಚೆಲುವನ ಹೆಸರು ಹಿಡಿದು ಹೇಳಿಕೊಟ್ಟಳು, ಅತ್ತಿಗೆ ಕೆಮ್ಮಿನಿಂದ ಹಿಡಿದು ಮುದ್ದೆಯ ತನಕ ಒಂದಕ್ಷರ ಬಿಡದೆ ಒಪ್ಪಿಸಿದಳು. ಕವಡೆ ಹಾಕಿದಳು. ಎಲ್ಲವೂ ಬೆನ್ನು ಮೇಲಾಗಿ, ಮಲಗಿದ ಆಮೆಗಳ ಹಾಗೆ ಬಿದ್ದವು.

"ಹತ್ತಲಿಲ್ಲ," ಅಂದರು ಗುರುಪಾದಪ್ಪನವರು. "ಒಂದು ಮೆಟ್ಟಿಲು ಹತ್ತಿಕೊಂಡು ಬಾ ತಾಯಿ."

ನನಗೆ ಪಿತ್ತ ನೆತ್ತಿಗೇರಿತು. "ಅಷ್ಟರಲ್ಲಿ ಅಜ್ಜಿ ಇರಬೇಕಲ್ಲ ಸ್ವಾಮಿ! ನಿಮ್ಮ ನಿಯಮಕ್ಕೆ ಕಣ್ಣಿಲ್ವಾ?"

"ನಿಯಮ ನಾನು ಮಾಡಿದ್ದಲ್ಲಮ್ಮ. ನಾನು ಕಾಯೋನು ಅಷ್ಟೇ."

"ಅಯ್ಯೋ, ನಾನೆಲ್ಲಿಗೆ ಹೋಗ್ತೀನೇ ಇಂದ್ರಿ," ಅಂದಳು ಅಜ್ಜಿ. "ಸಾಯೋದಕ್ಕೂ ಪುರುಸೊತ್ತು ಬೇಕು ಕಣೇ. ಇವಳು ಕಲಿಯೋವರೆಗೂ ನಂಗಿಲ್ಲ."

ಅತ್ತಿಗೆಯ ಹತ್ತಿರ ಇದ್ದದ್ದು ಹಾಲು ಉಕ್ಕದ ಮಂತ್ರ ಮತ್ತು ಈ ಬೆಕ್ಕಿಗೆ ಬೈಯುವ ಗಂಟಿನ ಮಂತ್ರ. ಅಲ್ಲಿಂದ ಮುಂದೆ ಅವಳು ಬೆಳಿಗ್ಗೆ ಎದ್ದರೆ ಬಾಯಿ ತುಂಬ ಗಂಟಿನ ಮಂತ್ರವನ್ನೇ ತುಂಬಿಕೊಂಡು ಊರ ಮೇಲೆ ಹೊರಟುಬಿಡುತ್ತಿದ್ದಳು. ಮನೆಯಲ್ಲಿ ಹಾಲು ದಿನಾ ಉಕ್ಕುತ್ತಿತ್ತು, ಒಲೆ ಒರೆಸಿ ಒರೆಸಿ ನನ್ನ ಕೈ ಸವೆಯಿತು. ಹೂ ಮಾರುವವರ ದಾರದ ಗಂಟು, ಬೆಸ್ತರ ಬಲೆಯ ಗಂಟು, ಗಾಳಿಪಟದ ದಾರ, ಯಾರದೋ ಜಡೆಗೆ ಸಿಕ್ಕಿಕೊಂಡ ಓಲೆ, ಎಲ್ಲಿ ಸಿಕ್ಕು ಕಂಡರೂ ಅಲ್ಲಿ ನಮ್ಮತ್ತಿಗೆ ನಿಂತು ಇಲ್ಲದ ಬೆಕ್ಕಿಗೆ ಬೈಯುತ್ತಿದ್ದಳು. ಅವಳ ಅವಸ್ಥೆ ನೋಡಿ ಬೀದಿಯ ಹೆಂಗಸರು ಕನಿಕರಪಟ್ಟು, ಬೇಕೆಂದೇ ದಾರಕ್ಕೆ ಗಂಟು ಹಾಕಿ "ಅಯ್ಯೋ ವನಜಮ್ಮ, ನೋಡಿ, ಸಿಕ್ಕಾಗ್ಬಿಟ್ಟಿದೆ" ಅಂತ ತಂದುಕೊಟ್ಟರು. ಬೇಕೆಂದು ಹಾಕಿದ ಗಂಟು ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಬಿಡಿಸಿದರೆ ಮಂತ್ರ ಖರ್ಚಾಗುತ್ತದೆ, ಬಾಯಿಗೆ ಏನೂ ಆಗುವುದಿಲ್ಲ. ಅವರಿಗೆ ಬೇಡ ಅನ್ನುವುದು ಹೇಗೆ ಅಂತ ತಿಳಿಯದೆ ಅತ್ತಿಗೆ ಅದನ್ನೂ ಬಿಡಿಸಿಕೊಟ್ಟು ಬರುತ್ತಿದ್ದಳು. ನಾನಾಗಿದ್ದರೆ ಆ ದಾರವನ್ನು ಅವರ ಮುಖಕ್ಕೇ ಎಸೆಯುತ್ತಿದ್ದೆ.

ಅವಳನ್ನು ಮೆಟ್ಟಿಲು ಹತ್ತಿಸಿದ್ದು ಒಂದು ಎಮ್ಮೆ ಕರು. ಕಟ್ಟಿದ ಹಗ್ಗ ಕುತ್ತಿಗೆಗೆ ಸುತ್ತಿಕೊಂಡು, ನಾಲಿಗೆ ಹೊರಗೆ ಚಾಚಿ, ಕಣ್ಣು ಮೇಲೆ ಮಾಡಿಕೊಂಡು ಬಿದ್ದಿತ್ತು. ಮನೆಯವರು ಕುಡುಗೋಲು ಹುಡುಕುತ್ತ ಓಡಾಡುತ್ತಿದ್ದರು. ಅತ್ತಿಗೆ ಬೀದಿಯಿಂದಲೇ ಓಡಿಹೋಗಿ ಕರುವಿನ ಪಕ್ಕ ಸಗಣಿಯಲ್ಲೇ ಮಂಡಿಯೂರಿ, ಜೀವಮಾನದ ಸಿಟ್ಟನ್ನೆಲ್ಲ ಸೇರಿಸಿ ಬೆಕ್ಕಿಗೆ ಬೈದಳು. ಹಗ್ಗ ಜಾರಿ ಬಿತ್ತು. ಕರು ಎದ್ದು ನಿಂತು ಅವಳ ಸೆರಗನ್ನೇ ನೆಕ್ಕಿತಂತೆ. ಮರುದಿನ ಬೆಳಿಗ್ಗೆ ಅವಳು ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. "ಇಂದ್ರಿ, ಅಗಲ ಆಯ್ತು ಕಣೇ!" ತಾವಾಗಿ ಬಂದ ಮಂತ್ರಗಳು ಹಲಸಿನ ಅಂಟು ಬಿಡಿಸುವುದು ಮತ್ತು ಬಿಕ್ಕಳಿಕೆ ನಿಲ್ಲಿಸುವುದು. ಇರಲಿ, ಯಾರಿಗೆ ಬೇಕಿತ್ತು ಅವು.

ಅವತ್ತೇ ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿಕೊಂಡು ಮೇಜಿಗೆ ಹೋದೆವು. ಅಷ್ಟರಲ್ಲಿ ಅಜ್ಜಿಗೆ ಉಬ್ಬಸ ಎಷ್ಟು ಏರಿತ್ತೆಂದರೆ, ಕೆಮ್ಮು ಶುರುವಾದದ್ದು ನಿಲ್ಲಲೇ ಇಲ್ಲ. ಇದರಲ್ಲಿ ಮಂತ್ರದ ಕೆಮ್ಮು ಎಷ್ಟು, ರೋಗದ ಕೆಮ್ಮು ಎಷ್ಟು ಅಂತ ಸುತ್ತ ಕೂತವರಲ್ಲಿ ಜಗಳವೇ ಆಯಿತು. ಗುರುಪಾದಪ್ಪನವರು ಗಡ್ಡ ಕೆರೆದುಕೊಂಡು, "ಅನುಮಾನ ಇದ್ದಾಗ ಎಲ್ಲಾನೂ ಸೇರಿಸ್ಕೊಳ್ಳೋದೇ ವಾಸಿ," ಅಂತ ತೀರ್ಪು ಕೊಟ್ಟರು. ಅತ್ತಿಗೆ ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿ, ಚೆಲುವನನ್ನು ಕರೆದು, ಎಲ್ಲಿ ಹಾಳಾಗೋದ್ಯೋ ಅಂತ ಬೈದು, ಮುದ್ದೆ ಆರಿಸಿ ಕವಡೆ ಹಾಕಿದಳು. ಒಂದು ಬಿಟ್ಟು ಮಿಕ್ಕೆಲ್ಲ ಬಾಯಿ ತೆರೆದುಕೊಂಡು ಬಿದ್ದವು. ಚಾವಡಿಯವರು ಹೋ ಅಂತ ಕೂಗಿದರು. ಮಂತ್ರವೇನೋ ಹತ್ತಿತು, ಆದರೆ ದೊಡ್ಡ ಮಂತ್ರವಾದ್ದರಿಂದ ಅತ್ತಿಗೆಯ ಬಾಯಲ್ಲಿ ದಿನಕ್ಕೆ ಒಂದೇ ಕೂರುತ್ತಿತ್ತು. ಒಂದು ಸಾಕಲ್ಲ, ಕರೆಯಬೇಕಾದವನೂ ಒಬ್ಬನೇ, ಅಂದುಕೊಂಡೆವು.

ಮರುದಿನ ಅಜ್ಜಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ದನಿಯೂ ಪಿಸುಮಾತಿಗಿಂತ ಮೇಲೆ ಬರುತ್ತಿರಲಿಲ್ಲ. ಸಂಜೆ ಅಣ್ಣ ಎಂದಿನಂತೆ ಟೀ ಕುಡಿದು ಹೊರಟ. ಹೊತ್ತು ಇಳಿಯುತ್ತಿದ್ದಂತೆ ಹಾಲಿನ ಹುಡುಗಿ ಓಡಿ ಬಂದು, "ಇಂದ್ರಕ್ಕ, ಸಿಂಗಾರಯ್ಯನವ್ರು ಇಟ್ಟಿಗೆ ಗುಂಡಿ ಕಡೆಗೆ ಹೋಗ್ತಿದ್ರು," ಅಂದಳು. ಅತ್ತಿಗೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಎದ್ದಳು. ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಳು. ಕೆಮ್ಮಿದಳು, ಮತ್ತೂ ಕೆಮ್ಮಿದಳು. ಹೆಸರಿನ ಜಾಗ ಬಂತು. ಅಲ್ಲಿ ಅವಳ ಬಾಯಿ ಒಂದು ಗಳಿಗೆ ತೆರೆದೇ ನಿಂತಿತು. ನನ್ನ ಮುಖ ನೋಡಿದಳು. ಅಭ್ಯಾಸಬಲ, ನಾನು ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕೂಗಿಬಿಟ್ಟಳು.

"ರೀ! ಎಲ್ಲಿ ಹಾಳಾಗೋದ್ರಿ? ಮುದ್ದೆ ಆರೋಗ್ತಿದೆ, ಬನ್ರೀ!"

ಮೊದಲು ಎದುರು ಮನೆಯ ಬಾಗಿಲು ತೆರೆಯಿತು. ಎದುರು ಮನೆಯಾತ ಬನಿಯನ್ನಿನಲ್ಲಿ ಇಳಿದು ಬಂದು ನಮ್ಮ ಮೆಟ್ಟಿಲ ಕೆಳಗೆ ನಿಂತ. ಅವನ ಹಿಂದೆ ಮೂಲೆ ಮನೆಯವನು, ಅವನ ಹಿಂದೆ ಗಾಣದವನು, ಆಮೇಲೆ ಸ್ನಾನದ ಮಧ್ಯೆ ಎದ್ದು ಬಂದವನೊಬ್ಬ ಟವೆಲ್ ಬಿಗಿಯಾಗಿ ಹಿಡಿದುಕೊಂಡು. ಕೈಯಲ್ಲಿ ಇಸ್ಪೀಟಿನ ಎಲೆ ಹಿಡಿದವರು, ಕೆನ್ನೆಯಲ್ಲಿ ತುತ್ತು ಇಟ್ಟುಕೊಂಡವರು, ಹೆಗಲ ಮೇಲೆ ಮಗು ಮಲಗಿಸಿಕೊಂಡವರು. ಹೆಂಡತಿಯಿಂದ "ರೀ" ಅನಿಸಿಕೊಂಡ ಗಂಡಸರೆಲ್ಲ ಬಂದು ಬೀದಿ ತುಂಬ ನಿಂತರು. ಅವರ ಹಿಂದೆಯೇ ಅವರ ಹೆಂಡತಿಯರು ಸೌಟು ಹಿಡಿದುಕೊಂಡು, "ಇದೇನ್ರೀ ಇದು, ಊಟ ಬಿಟ್ಟು ಇವರ ಮನೆ ಬಾಗಿಲಿಗೆ!" ಅಂತ ಬಂದರು. ಗುರುಪಾದಪ್ಪನವರೂ ಬಂದಿದ್ದರು, ಏದುಸಿರು ಬಿಡುತ್ತ, ಚಪ್ಪಲಿ ಇಲ್ಲದೆ. ಅವರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. ಅವರು ನಮ್ಮ ಬಾಗಿಲನ್ನೂ ಅತ್ತಿಗೆಯನ್ನೂ ನೋಡಿ, ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿದು ನಿಂತರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಅವತ್ತೇ ಹೋಯಿತು.

ಅಷ್ಟು ಜನ ಬಂದರೂ ನಮ್ಮಣ್ಣ ಬರಲಿಲ್ಲ. ತಾನು ಒಬ್ಬಳ ಪಾಲಿನ "ರೀ" ಅನ್ನುವುದನ್ನು ಅವನು ಯಾವಾಗ ಮರೆತನೋ ನಮಗೆ ಗೊತ್ತೇ ಆಗಿರಲಿಲ್ಲ. ಅತ್ತಿಗೆಗೆ ಅದು ಹೊಳೆದದ್ದನ್ನು ನಾನು ನೋಡಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

"ಇನ್ನೊಂದ್ಸಲ ಕರೀರಿ ವನಜಮ್ಮ, ಈ ಸಲ ಹೆಸರು ಹಿಡಿದು," ಅಂದ ಎದುರು ಮನೆಯಾತ.

"ಇದ್ದದ್ದು ಒಂದೇ, ಖರ್ಚಾಗೋಯ್ತು," ಅಂದೆ ನಾನು.

"ಹಾಗಾದ್ರೆ ಒಂದು ಚಿಕ್ಕ ನಿದ್ದೆ ಮಾಡಿ ಎದ್ದರೆ?" ಅಂದ ಟವೆಲ್ಲಿನವನು.

"ನಿನ್ನ ತಲೆ! ಈಗ ನಿದ್ದೆ ಬರುತ್ತೇನಯ್ಯ ಅವಳಿಗೆ?" ಅಂತ ಅವನ ಮೇಲೆ ಹರಿಹಾಯ್ದೆ. ಗಂಡಸರು ಟಾರ್ಚು ತರಲು ಅತ್ತ ಇತ್ತ ಓಡಿದರು. ಗುಂಡಿಗಳು ಒಂದೇ ಎರಡೇ, ಕತ್ತಲಾಗುತ್ತಿದೆ, ಯಾವ ಕಡೆಯಿಂದ ಹುಡುಕುವುದು ಅಂತ ಅವರಲ್ಲೇ ವಾದ ಶುರುವಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿಯ ಸರಳಿಗೆ ಯಾರೋ ಲೋಟದಿಂದ ಬಡಿದರು. ನಾನು ಓಡಿಹೋಗಿ ಕಿವಿ ಕೊಟ್ಟೆ. ಅಚ್ಚಮ್ಮಜ್ಜಿ ಹಾಸಿಗೆಯಿಂದ ತೆವಳಿಕೊಂಡು ಬಂದಿದ್ದಳು.

"ಕರೀ ಅನ್ನೇ ಅವಳಿಗೆ," ಅಂದಳು, ಉಸಿರೆಳೆದುಕೊಂಡು. "ನಾನು ಮೊದಲನೇ ಸಲ ಚೆಲುವನ್ನ ಕರೆದಾಗ ನನ್ನ ಬಾಯಲ್ಲಿ ಯಾವ ಮಂತ್ರ ಇತ್ತು?"

ನಾನು ಅದನ್ನು ಅತ್ತಿಗೆಗೆ ಹೇಳಿದೆ. ಅವಳು ಬೀದಿಯ ಕಡೆ ನೋಡಿದಳು. ಊರಿನ ಗಂಡಂದಿರೆಲ್ಲ ಅಲ್ಲೇ ಇದ್ದರು. ಅವಳು ಈ ಸಲ ಕೆಮ್ಮಲಿಲ್ಲ. ಮುದ್ದೆಯ ಮಾತೂ ಇರಲಿಲ್ಲ. ಎರಡೂ ಕೈಯನ್ನು ಬಾಯಿಯ ಸುತ್ತ ಇಟ್ಟುಕೊಂಡು, ಏಣಿಯ ಮೇಲಿದ್ದವನನ್ನು ಕೆಳಗಿನಿಂದ ಕೂಗುವ ಹಾಗೆ ಕೂಗಿದಳು.

"ಸಿಂಗಾ! ಸಿಂಗಾರಯ್ಯಾ! ಬಣ್ಣ ಕಲಸಿದೀನಿ ಕಣೋ! ಒಣಗೋಗುತ್ತೆ, ಬಾರೋ!"

ಒಂದಿಬ್ಬರು ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅತ್ತಿಗೆ ಮತ್ತೆ ಕೂಗಿದಳು, ಇನ್ನೂ ಜೋರಾಗಿ, ದನಿ ಒಡೆಯುವ ತನಕ. ಆಮೇಲೆ ಹೊಸ್ತಿಲ ಮೇಲೆ ಕೂತು ಮಂಡಿಗೆ ಮುಖ ಒತ್ತಿಕೊಂಡಳು. ಟಾರ್ಚು ಹಿಡಿದವರು ಗುಂಡಿಗಳ ಕಡೆ ಹೊರಟರು. ನಾನು ಅವಳ ಪಕ್ಕ ಕೂತೆ.

ಹೊರಟವರು ಬೀದಿಯ ತಿರುವಿನಲ್ಲೇ ನಿಂತುಬಿಟ್ಟರು. ಅವರ ನಡುವೆ ದಾರಿ ಬಿಡಿಸಿಕೊಂಡು ಅಣ್ಣ ಬರುತ್ತಿದ್ದ. ಮೊಣಕಾಲಿನ ತನಕ ಕೆಸರು, ಪಂಚೆ ಒದ್ದೆ, ಬಲಗೈ ಮಾತ್ರ ಕುಂಚ ಹಿಡಿದಂತೆ ಮಡಚಿಕೊಂಡಿದ್ದ. ಗುರುಪಾದಪ್ಪನವರು ಅವನನ್ನೂ ಅತ್ತಿಗೆಯನ್ನೂ ಬಹಳ ಹೊತ್ತು ನೋಡಿ, "ಇದಕ್ಕೆ ಕವಡೆ ಹಾಕೋದು ಬೇಡ," ಅಂದರು. "ತಾನೇ ಕಟ್ಟಿದ್ದು. ತಾನಾಗೇ ಹತ್ತುತ್ತೆ." ಆಮೇಲೆ ಯಾರ ಮುಖವನ್ನೂ ನೋಡದೆ ಬರಿಗಾಲಲ್ಲೇ ಮನೆಗೆ ಹೋದರು.

ಅಣ್ಣ ಮೆಟ್ಟಿಲ ಹತ್ತಿರ ಬಂದು ಅತ್ತಿಗೆಯನ್ನು ದಾಟಿ ನನ್ನ ಕಡೆ ಬಗ್ಗಿದ. ಅವನ ಮುಖದಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗನ ನಾಚಿಕೆ ಇತ್ತು. ಕಿವಿಯಲ್ಲಿ ಪಿಸುಗುಟ್ಟಿದ.

"ಇಂದ್ರಿ, ಯಾರೋ ಹೆಂಗಸು ನನ್ನ ಹೆಸರು ಹಿಡಿದು ಕೂಗಿದ್ಲು ಕಣೇ. ಬೀದಿಗೆಲ್ಲ ಕೇಳೋ ಹಾಗೆ. ವನಜಂಗೆ ಮಾತ್ರ ಹೇಳ್ಬೇಡ. ಅವಳು ಒಂದಿನಾನೂ ನನ್ನ ಹೆಸರು ಹೇಳಿದವಳಲ್ಲ, ಬೇಜಾರ್ ಮಾಡ್ಕೋತಾಳೆ."

ಪಿಸುಮಾತು ಅಂದರೂ ಅವನ ದನಿ ಯಾವತ್ತೂ ದೊಡ್ಡದೇ. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು.

"ಇಲ್ಲ, ಹೇಳಲ್ಲ. ಕಾಲು ತೊಳ್ಕೊಂಡು ಒಳಗೆ ಬನ್ರೀ," ಅಂದಳು.